ಶ್ವೇತಾಳ ಹೆಸರಿಗೆ ಬಿದ್ದ ಹಾಲು

ನಿವೃತ್ತಿಯ ನೆನಪು ಬರೆಯಲು ತಲೆ ನರೆತಿರಲೇಬೇಕು ಎಂಬ ನಿಯಮವನ್ನು ಯಾರಾದರೂ ತೋರಿಸಿದರೆ ಈಗಲೇ ಪೆನ್ನು ಕೆಳಗಿಡುತ್ತೇನೆ. ನನಗೆ ಮೂವತ್ತಾರು. ಬ್ರಹ್ಮಾವರದಿಂದ ಒಳಗೆ, ಬಸ್ಸು ಹಿಂದೆ ತಿರುಗುವ ಊರೊಂದರ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಹದಿಮೂರು ವರ್ಷ ಕಾರ್ಯದರ್ಶಿಯಾಗಿದ್ದೆ. ಕಳೆದ ತಿಂಗಳು ಬೀಗದ ಕೈ, ಮೊಹರು, ನಡಾವಳಿ ಪುಸ್ತಕ ಎಲ್ಲ ಒಪ್ಪಿಸಿ ಹೊರಗೆ ಬಂದೆ. ನನ್ನ ಜಾಗಕ್ಕೆ ಬಂದ ಅಶ್ವಿನಿ ಎರಡು ದಿನ ಸುಮ್ಮನೆ ನನ್ನ ಹಿಂದೆ ಸುತ್ತಿದಳು. ಮೂರನೆಯ ದಿನ ಕೇಳಿದಳು:

"ಅಕ್ಕಾ, ಕಂಪ್ಯೂಟರ್ ಎಲ್ಲ ನಾ ಕಲ್ತ್ಕಂತೆ. ಜನದ್ದ್ ಹೇಂಗೆ ಅಂದೇಳಿ ಒಂದ್ ಬರ್ದ್ ಕೊಡಿ."

ಹಾಗಾಗಿ ಇದು ಜನರದ್ದು. ನನ್ನ ಸಂಬಳ ಯಾವಾಗ ಏರಿತು, ಯಾವ ಸಭೆಯಲ್ಲಿ ಶಾಲು ಹೊದೆಸಿದರು ಎಂಬುದು ಫೈಲಿನಲ್ಲಿದೆ. ಬೇಕಾದರೆ ಅಲ್ಲೇ ನೋಡಿಕೋ, ಅಶ್ವಿನಿ.

ಮೊದಲಿಗೆ ಹಾಲಿನ ವಿಷಯ. ನಾನು ಸೇರಿದಾಗ ಚೀಟಿಯನ್ನು ಕೈಯಲ್ಲೇ ಬರೆಯುತ್ತಿದ್ದೆವು. ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ಸ್ವಲ್ಪ ಸಣ್ಣ ಬಾಟಲಿಗೆ ತೆಗೆದಿಟ್ಟು, ಕ್ಯೂ ಮುಗಿದ ಮೇಲೆ ಪರೀಕ್ಷೆ. ನಮ್ಮಲ್ಲಿ ಇಬ್ಬರು ಗುಲಾಬಿಯರಿದ್ದರು. ಸೇರಿದ ಮೊದಲ ತಿಂಗಳಲ್ಲೇ ಅವರಿಬ್ಬರ ಬಾಟಲಿಗಳನ್ನು ನಾನು ಅದಲು ಬದಲು ಮಾಡಿದೆ. ವಾರವಿಡೀ ಒಬ್ಬರ ಗಟ್ಟಿ ಹಾಲು ಇನ್ನೊಬ್ಬರ ಚೀಟಿಯಲ್ಲಿ ಬರೆದು ಕೊಟ್ಟೆ. ಏಳನೆಯ ದಿನ ಹಿರಿಯ ಗುಲಾಬಿಯಕ್ಕ ಚೀಟಿಯನ್ನು ಮೇಜಿನ ಮೇಲಿಟ್ಟು, "ಹ್ವಾಯ್, ನನ್ನ ದನ ಇಷ್ಟ್ ನೀರ್ ಹಾಲ್ ಕೊಡುದಿಲ್ಲೆ. ನೀರ್ ಇಪ್ಪುದ್ ನಿನ್ ತಲೆಯಗೆ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆಮೇಲೆ ಹಾಲಿಟ್ಟರೆ ಅರೆ ನಿಮಿಷದಲ್ಲಿ ಜಿಡ್ಡನ್ನೂ ಗಟ್ಟಿತನವನ್ನೂ ತೋರಿಸುವ ಯಂತ್ರ ಬಂತು. ಚೀಟಿಯ ಬದಲು ಮೊಬೈಲಿಗೆ ಮೆಸೇಜು ಹೋಗತೊಡಗಿತು. ಆದರೂ ಆ ಗುಲಾಬಿಯಕ್ಕನ ಮಾತಿನಿಂದ ನಾನು ಕಲಿತದ್ದು ಹೋಗಲಿಲ್ಲ. ಪ್ರತಿ ಮನೆಯ ಹಾಲಿಗೂ ಒಂದು ಕೈಬರಹ ಇರುತ್ತದೆ. ದಿನಾ ಎರಡು ಹೊತ್ತು ನೋಡಿದವಳಿಗೆ ಅಂಕಿ ಕಂಡರೆ ಸಾಕು, ಯಾರ ಹಟ್ಟಿಯ ದನದ್ದೆಂದು ಗೊತ್ತಾಗುತ್ತದೆ.

ಎರಡನೆಯದು ನಮ್ಮೂರಿನ ಒಂದು ಪದ್ಧತಿ. ಇದು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಒಬ್ಬಳ ದನದ ಹಾಲು ಬತ್ತಿದರೆ, ಅಥವಾ ಮನೆಯಲ್ಲಿ ಹೆರಿಗೆಯೋ ಸಾವೋ ಆದರೆ, ಪಕ್ಕದ ಮನೆಯವಳು ತನ್ನ ಹಾಲನ್ನು ಅವಳ ಹೆಸರಿಗೆ ಹಾಕುತ್ತಾಳೆ. ದುಡ್ಡು ಆಮೇಲೆ ಕೈಯಿಂದ ಕೈಗೆ ಹಿಂದೆ ಬರುತ್ತದೆ. ಹಾಲು ಹಾಕಿದ ದಿನಗಳ ಎಣಿಕೆಯಲ್ಲಿ ಮಾತ್ರ ಅವಳದ್ದು ತಪ್ಪುವುದಿಲ್ಲ. ಕ್ಯೂನಲ್ಲಿದ್ದವರಿಗೆಲ್ಲ ಗೊತ್ತಿರುತ್ತದೆ, ಯಾರಿಗೂ ಅದು ತಪ್ಪೆನ್ನಿಸುವುದಿಲ್ಲ. ಬಸ್ಸಿನಲ್ಲಿ ಒಬ್ಬರಿಗೆ ಸೀಟು ಹಿಡಿದಿಟ್ಟ ಹಾಗೆ.

ಮೂರನೆಯದು ಶ್ವೇತಾ.

ಕುಂದಾಪುರದಲ್ಲಿ ಕಾಲೇಜು ಓದುವಾಗ ನಾವಿಬ್ಬರೂ ಒಂದೇ ಚರ್ಚಾ ತಂಡದಲ್ಲಿದ್ದೆವು. ಅವಳು ಪರ, ನಾನು ವಿರೋಧ. ವಿಷಯ ಯಾವುದಾದರೂ ನಾನು ವಿರೋಧವೇ. ತಂಡದ ಟಿಪ್ಪಣಿಯನ್ನೆಲ್ಲ ಬರೆಯುತ್ತಿದ್ದವಳು ನಾನು. ಎದುರಾಳಿಯ ವಾದದಲ್ಲಿ ಎಲ್ಲಿ ಸಂದಿದೆ ಎಂದು ಅವಳಿಗೆ ತೋರಿಸುತ್ತಿದ್ದವಳೂ ನಾನೇ. ತೀರ್ಪುಗಾರರು ಎದ್ದು ನಿಂತು, "ಪ್ರತಿಮಾ ಅವರ ತರ್ಕ ಹರಿತವಾಗಿದೆ" ಎಂದಾಗಲೇ ನನಗೆ ಎರಡನೆಯ ಬಹುಮಾನ ಎಂದು ತಿಳಿದುಬಿಡುತ್ತಿತ್ತು. "ಆದರೆ ಶ್ವೇತಾ..." ಎಂದು ಅವರು ಮುಂದುವರಿಸುವಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟುತ್ತಿತ್ತು.

ನಾನು ಕಾರ್ಯದರ್ಶಿಯಾಗಿ ನಾಲ್ಕು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕ್ಯೂನಲ್ಲಿ ಹೊಸ ಮುಖವೊಂದು ಸ್ಟೀಲಿನ ಕ್ಯಾನು ಹಿಡಿದು ನಿಂತಿತ್ತು. "ಏ ಪ್ರತೀ! ನೀ ಇಲ್ಲಿತ್ಯಾ!" ಎಂದು ಎಲ್ಲರ ಎದುರು ನನ್ನನ್ನು ಅಪ್ಪಿಕೊಂಡಳು. ನಮ್ಮೂರಿಗೇ ಮದುವೆಯಾಗಿ ಬಂದಿದ್ದಳು. ಆ ಬಹುಮಾನಗಳ ಮಾತೆತ್ತಿದರೆ, "ಹೌದಾ? ನಂಗ್ ಫಸ್ಟ್ ಬಂದದ್ದಾ? ನೆನ್ಪೇ ಇಲ್ಲೆ ಮಾರಾಯ್ತಿ" ಎಂದು ನಕ್ಕಳು. ಗೆದ್ದದ್ದನ್ನು ಮರೆಯುವುದೆಂದರೇನು ಎಂದು ನಾನು ಆ ದಿನವಿಡೀ ಯೋಚಿಸಿದೆ. ಸೋತದ್ದರಲ್ಲಿ ಒಂದನ್ನೂ ನಾನು ಮರೆತಿರಲಿಲ್ಲ.

ಒಂದೇ ವರ್ಷದಲ್ಲಿ ಇಡೀ ಕ್ಯೂ ಅವಳದ್ದಾಯಿತು. ನಾನು ಐದು ವರ್ಷ ಹೆಸರು ಕೂಗಿ ಹಾಲು ಅಳೆದ ಹೆಂಗಸರು ನನ್ನೊಡನೆ ಹಾಲಿನ ವಿಷಯವಷ್ಟೇ ಮಾತಾಡುತ್ತಿದ್ದರು. ಅವಳೊಡನೆ ಸೊಂಟನೋವಿನಿಂದ ಹಿಡಿದು ಮಗಳ ಸಂಬಂಧದವರೆಗೆ ಎಲ್ಲ. ಚುನಾವಣೆಯಲ್ಲಿ ನಿರ್ದೇಶಕಿಯಾದಳು, ಮರುದಿನವೇ ಅಧ್ಯಕ್ಷೆ. ನಾನು ಟೈಪು ಮಾಡಿದ ಪತ್ರಗಳಿಗೆ ಸಹಿ ಹಾಕುತ್ತ, "ಎಷ್ಟ್ ಚಂದ ಬರೀತೆ ಪ್ರತಿ ನೀ" ಎನ್ನುತ್ತಿದ್ದಳು. ಅವಳು ನಿಜವಾಗಿ ಮೆಚ್ಚಿಯೇ ಹೇಳುತ್ತಿದ್ದಳು. ಅದೇ ನನಗೆ ತಡೆಯಲಾಗದ್ದು. ಸುಳ್ಳು ಹೊಗಳಿಕೆಯಾದರೆ ಖಂಡಿಸಬಹುದಿತ್ತು.

ಈ ವರ್ಷ ಅವಳ ಅತ್ತೆಗೆ ಕಾಯಿಲೆ ಜೋರಾಯಿತು. ಉಡುಪಿಯ ಆಸ್ಪತ್ರೆಯಲ್ಲಿ ಅವಳೇ ಜೊತೆಗಿರಬೇಕಾಗಿ ಬಂತು. ಮನೆಯಲ್ಲಿ ದನ ಕಟ್ಟಿ ಬಿಡಲು ಜನವಿಲ್ಲದೆ ಎರಡನ್ನೂ ಕೊಟ್ಟುಬಿಟ್ಟರು. ಹಟ್ಟಿ ಖಾಲಿಯಾಯಿತು. ಆದರೆ ಮೂರು ದಿನ ಬಿಟ್ಟು ಅವಳ ಹೆಸರಿಗೆ ಮತ್ತೆ ಹಾಲು ಬಂತು.

ತಂದವರು ಗಿರಿಜಕ್ಕ. ಸಂಘ ಶುರುವಾದ ದಿನದಿಂದ ನಿರ್ದೇಶಕಿ. ಅರವತ್ತು ದಾಟಿದ ಹೆಂಗಸು, ಇರುವುದು ಒಂದೇ ದನ. ಆಡಳಿತ ಮಂಡಳಿಯಲ್ಲಿ ಒಂದು ದನದವರು ಬೇರೆ ಯಾರೂ ಇರಲಿಲ್ಲ. ಹಿಂಡಿಯ ಚೀಲದ ಮಾತು ಬಂದಾಗ, "ಹತ್ತ್ ಚೀಲ ಒಟ್ಟಿಗೆ ತಕಂಬ್ದ್ ನಿಮ್ಗೆ ಆತ್ತ್. ಅರ್ಧ ಚೀಲದವ್ರಿಗೆ ಎಂತ ಮಾಡ್ತ್ರಿ ಹೇಳಿ" ಎಂದು ಕೇಳುತ್ತಿದ್ದವರು ಅವರೊಬ್ಬರೇ. ನಾನು ಸೇರಿದ ಹೊಸದರಲ್ಲಿ, ನನ್ನ ಮೇಲೆ ಎಲ್ಲರೂ ರೇಗುತ್ತಿದ್ದಾಗ, ನನ್ನ ಪರವಾಗಿ ಮಾತಾಡಿದವರೂ ಅವರೇ.

ಅವರ ದನದ್ದು ಆಗ ಕಡೆಗಾಲದ ಹಾಲು. ಬೆಳಿಗ್ಗೆ ಒಂದೇ ಹೊತ್ತು, ಎರಡು ಲೀಟರು. ಅದನ್ನೇ ಒಂದು ದಿನ ತಮ್ಮ ಹೆಸರಿಗೆ, ಒಂದು ದಿನ ಶ್ವೇತಾಳ ಹೆಸರಿಗೆ ಹಾಕತೊಡಗಿದರು. ಯಂತ್ರದ ಅಂಕಿ ಕಂಡ ಮೊದಲ ದಿನವೇ ನನಗೆ ಗೊತ್ತಾಯಿತು.

ಆ ದಿನ ನಾನು ಎರಡೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ಗಿರಿಜಕ್ಕ, ಇದು ಬೇಡ." ಅಥವಾ ಶ್ವೇತಾಳಿಗೆ ಒಂದು ಫೋನು. ಕಾರ್ಯದರ್ಶಿಯ ಕೆಲಸವೇ ಅದು. ನಾನು ಸುಮ್ಮನಿದ್ದೆ. ಇದನ್ನು ಕರುಣೆ ಎಂದುಕೊಳ್ಳಬೇಡ, ಅಶ್ವಿನಿ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಇಟ್ಟು ದಿನಾ ಮುಟ್ಟಿ ನೋಡುತ್ತೇವಲ್ಲ, ಹಾಗೆ ನಾನು ಆ ಸುದ್ದಿಯನ್ನು ಹಣ್ಣು ಮಾಡುತ್ತಿದ್ದೆ. ಸಂಜೆ ಮನೆಗೆ ಹೋಗಿ ಬೈಲಾ ಓದುತ್ತಿದ್ದೆ. ಸಂಘದ ನಿಯಮದ ಪುಸ್ತಕವನ್ನು ಅಷ್ಟು ಪ್ರೀತಿಯಿಂದ ಯಾರೂ ಓದಿರಲಿಕ್ಕಿಲ್ಲ.

ಅದರಲ್ಲಿ ಒಂದು ಕಡೆ ಹೀಗಿತ್ತು: ನಿರ್ದೇಶಕಿಯಾಗುವವಳು ಸ್ವಂತ ದನ ಹೊಂದಿರಬೇಕು, ವರ್ಷದಲ್ಲಿ ಅರ್ಧದಷ್ಟು ದಿನವಾದರೂ ಸಂಘಕ್ಕೆ ಹಾಲು ಹಾಕಿರಬೇಕು. ಎಲ್ಲರೂ ಓದಿದ್ದು ಇಷ್ಟನ್ನೇ. ಆಗುವಾಗ ಇರಬೇಕೋ, ಆದ ಮೇಲೂ ಇರಬೇಕೋ? ಎರಡು ಪುಟ ಮುಂದೆ ಒಂದು ಸಾಲು ಸಿಕ್ಕಿತು. ಅರ್ಹತೆ ಕಳೆದುಕೊಂಡ ನಿರ್ದೇಶಕರು ಮುಂದುವರಿಯತಕ್ಕದ್ದಲ್ಲ, ಸ್ಥಾನ ಖಾಲಿಯಾದಂತೆ. ನನಗೆ ಆ ರಾತ್ರಿ ಊಟ ಬಹಳ ರುಚಿಯಾಗಿತ್ತು.

ಹದಿನೇಳನೆಯ ದಿನ ಮಂಡಳಿಯ ಸಭೆ. ಒಕ್ಕೂಟದಿಂದ ವಿಸ್ತರಣಾಧಿಕಾರಿ ಭಾಸ್ಕರ್ ಸಾರ್ ಬಂದಿದ್ದರು. ಅವರ ಇಡೀ ಆಡಳಿತ ಸೂತ್ರ ಒಂದೇ: ಗಲಾಟೆ ಬೇಡ. ಅತ್ತೆಯನ್ನು ಮನೆಗೆ ಕರೆತಂದಿದ್ದ ಶ್ವೇತಾ ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಳು. ನಾನು ವಿಷಯ ಮಂಡಿಸಿದೆ: ನಿರ್ದೇಶಕರ ಅರ್ಹತೆ ಅವಧಿಯುದ್ದಕ್ಕೂ ಇರಬೇಕೇ? ಯಾರ ಹೆಸರನ್ನೂ ಹೇಳಲಿಲ್ಲ. ಅದೂ ಲೆಕ್ಕ ಹಾಕಿಯೇ.

ಉಪಾಧ್ಯಕ್ಷೆ ಬೇಬಿಯಕ್ಕ ತಕ್ಷಣ ಎದ್ದರು. "ಇದೆಂತ ಹೊಸ್ತ್? ಓಟಿನ್ ದಿನ ಕಾಗ್ದ ಕಂಡ್ ಒಪ್ಪಿದ್ರಲೆ. ಐದ್ ವರ್ಷಕ್ಕೆ ಅದೇ ಸಾಕ್."

"ಬೇಬಿಯಕ್ಕ," ಎಂದೆ, "ನೀವ್ ದಿನಾ ಬಪ್ಪು ಬಸ್ಸಿಗೆ ಆರ್‌ಟಿಒ ಎಫ್‌ಸಿ ಕೊಟ್ಟ್ ದಿನ ಬ್ರೇಕ್ ಇದ್ದಿತ್ತ್. ಈಗ್ಳ್ ಇಲ್ಲೆ. ಹತ್ತುತ್ರ್ಯಾ?"

"ಹತ್ತ್ದೆ ಎಂತ ಮಾಡುದ್? ಇಪ್ಪುದೇ ಒಂದ್ ಬಸ್ಸ್!"

ಎಲ್ಲರೂ ನಕ್ಕರು. ಶ್ವೇತಾ ಕೂಡ. ಗಿರಿಜಕ್ಕ ನಗಲಿಲ್ಲ.

"ಹೆಣೆ, ದನ ಅಂದ್ರೆ ಮೆಷಿನಾ? ವರ್ಷಕ್ಕ್ ಐದಾರ್ ತಿಂಗ್ಳ್ ಬತ್ತತ್ತ್. ಒಂದ್ ದನದವ್ರ್ ಯಾವಾಗ್ಳೂ ಅರ್ಹತೆ ಹಿಡ್ಕಂಡ್ ಇಪ್ಪುಕಾತ್ತಾ? ಹಾಂಗಾರೆ ಐದ್ ದನ ಇದ್ದವ್ರ್ ಮಾತ್ರ ಕೂಕಣ್ಕಾ ಇಲ್ಲಿ?"

ಆ ದಿನ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಅದೇ. ಈಗಲೂ ಹೇಳುತ್ತೇನೆ. ಆದರೆ ನಾನು ಉತ್ತರವನ್ನು ಮೊದಲೇ ಮಸೆದಿಟ್ಟಿದ್ದೆ.

"ಬತ್ತಿದ ದನವೂ ದನವೇ, ಗಿರಿಜಕ್ಕ. ಅದಕ್ಕೇ ಬೈಲಾ ಅರ್ಧ ವರ್ಷ ಬಿಟ್ಟಿರುವುದು. ಹಟ್ಟಿಯಲ್ಲಿ ದನವೇ ಇಲ್ಲದಿದ್ದರೆ? ಬೇರೆಯವರ ದನದ ಹಾಲು ಹೆಸರಿಗೆ ಬೀಳುತ್ತಿದ್ದರೆ?"

ಶ್ವೇತಾ ನನ್ನನ್ನು ನೋಡಿದಳು, ಆಮೇಲೆ ಗಿರಿಜಕ್ಕನನ್ನು.

"ಗಿರಿಜಕ್ಕಾ, ನನ್ ಹೆಸ್ರಿಗೆ ಹಾಲ್ ಹಾಕ್ತಿದ್ರ್ಯಾ?"

"ಹಾಕ್ದೆ. ಅತ್ತಿ ಗುಣ ಆದ್ ಮೇಲೆ ದನ ತಕಂತೆ ಅಂದಿದ್ಯಲೆ. ಅಲ್ಲಿವರಿಗೆ ನಿನ್ ದಿನ ತಪ್ಪುಕಾಗ ಅಂದೇಳಿ."

"ನಂಗೊಂದ್ ಮಾತ್ ಹೇಳ್ಕಲ್ದಾ?"

"ಎಂತ ಹೇಳುದ್? ಹಾಲ್ ಅಲ್ದಾ."

ಅವಳಿಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮೊಬೈಲಿಗೆ ಬಂದ ಸಂಘದ ಮೆಸೇಜು ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನನ್ನ ಇಡೀ ವಾದದಲ್ಲಿ ನಾನು ತಪಾಸಣೆ ಮಾಡದೆ ಬಿಟ್ಟ ಒಂದೇ ಒಂದು ಅಂಶ ಅದು. ಅವಳು ತಿಳಿದೇ ಮಾಡಿರಬೇಕೆಂದು ನನಗೆ ಆಸೆಯಿತ್ತು.

ಭಾಸ್ಕರ್ ಸಾರ್ ಗಂಟಲು ಸರಿಮಾಡಿಕೊಂಡರು. "ಮೇಡಂ, ಸುಮ್ಮನೆ ಒಂದು ರಾಜೀನಾಮೆ ಕೊಟ್ಟುಬಿಡಿ. ಗೌರವವಾಗಿ ಮುಗಿಯುತ್ತೆ." ನಾನೂ ನಡಾವಳಿ ಪುಸ್ತಕದಲ್ಲಿ ಅದಕ್ಕಾಗಿ ಅರ್ಧ ಪುಟ ಖಾಲಿ ಬಿಟ್ಟು ಕೂತಿದ್ದೆ.

ಶ್ವೇತಾ ಬೈಲಾ ಕೇಳಿ ತೆಗೆದುಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಹೇಳಿದಳು: "ಬ್ಯಾಡ ಸರ್. ರಾಜೀನಾಮೆ ಕೊಟ್ರೆ ನಾ ಒಳ್ಳೆಯವ್ಳ್ ಆತೆ, ಪ್ರಶ್ನೆ ಹಾಂಗೇ ಉಳೀತ್ತ್. ನಾಳೆ ಮತ್ತೊಬ್ಳ್ ಖಾಲಿ ಹಟ್ಟಿ ಇಟ್ಕಂಡ್ ಇಲ್ಲಿ ಕೂಕಂಡ್ರೆ ಪ್ರತಿಮಾ ಮೊದ್ಲಿಂದ ವಾದ ಮಾಡ್ಕ್. ಅವ್ಳ್ ಹೇಳಿದ್ದ್ ಸರಿ ಇತ್ತ್. ನಮ್ಮನ್ನ್ ಇಲ್ಲಿ ಕೂರ್ಸಿದ್ದ್ ಹಾಲ್ ಹಾಕುವವ್ರ್ ಕಷ್ಟ ಗೊತ್ತಿತ್ತ್ ಅಂದೇಳಿ. ಹಟ್ಟಿಗೆ ಹೋಪ್ದ್ ನಿಂತ್ ಮೇಲೆ ಅದ್ ಎಷ್ಟ್ ದಿನ ನೆನ್ಪಿರತ್ತ್? ಅರ್ಹತೆ ಹೋಯ್ತ್, ಜಾಗ ಖಾಲಿ ಅಂದೇ ಬರೀಲಿ."

ನಾನು ಬರೆಯುತ್ತಿದ್ದೆ: ಬೇರೆಯವರ ಹೆಸರಿಗೆ ಹಾಲು ಹಾಕುವುದು ನಿಯಮಬಾಹಿರ, ಅರ್ಹತೆ ಹೋಗಿದೆ, ಜಾಗ ಖಾಲಿ. ಹದಿನೇಳು ದಿನ ಓದಿ ಬಸ್ಸಿನ ಬ್ರೇಕು ಹುಡುಕಿದವಳು ನಾನು. ನಿಯಮ ಯಾಕಿದೆ ಎಂಬುದನ್ನು ನಿಂತ ಜಾಗದಲ್ಲೇ ಹೇಳಿದವಳು ಅವಳು.

"ಇನ್ನೊಂದ್," ಎಂದಳು. "ನನ್ನೊಬ್ಳಿಗೆ ಮಾಡ್ರೆ ಅದ್ ನಿಯಮ ಅಲ್ಲ. ವರ್ಷ ಮುಗಿದ್ ಕೂಡ್ಲೇ ಎಲ್ಲಾ ನಿರ್ದೇಶಕರ್ ದಿನವೂ ಎಣ್ಸ್ಕ್. ಅದನ್ನೂ ಬರಿ ಪ್ರತಿ."

ಕುರ್ಚಿಯಿಂದ ಎದ್ದು, ಚೀಲ ಹೆಗಲಿಗೆ ಹಾಕಿ ಹೊರಟಳು. ಚಪ್ಪಾಳೆ! ಒಬ್ಬಳು ಅಧ್ಯಕ್ಷೆ ಅನರ್ಹಳಾಗಿ ಹೊರಗೆ ಹೋಗುತ್ತಿದ್ದಾಳೆ, ಮಂಡಳಿ ಚಪ್ಪಾಳೆ ತಟ್ಟುತ್ತಿದೆ. ಬೇಬಿಯಕ್ಕ ಕಣ್ಣೊರೆಸಿಕೊಂಡರು. ಭಾಸ್ಕರ್ ಸಾರ್ ಎದ್ದು ನಿಂತರು. ವಾದ ನನ್ನದು, ಗೆಲುವು ನನ್ನದು, ಬಹುಮಾನ ಮಾತ್ರ ಅವಳದ್ದು.

ಎರಡು ವಾರಕ್ಕೆ ವರ್ಷ ಮುಗಿಯಿತು. ಬರೆದ ಪ್ರಕಾರ ಎಲ್ಲ ನಿರ್ದೇಶಕರ ದಿನಗಳನ್ನು ಎಣಿಸಿದೆ. ಎಲ್ಲರೂ ಪಾರಾದರು, ಒಬ್ಬರನ್ನು ಬಿಟ್ಟು. ಗಿರಿಜಕ್ಕನಿಗೆ ಏಳು ದಿನ ಕಡಿಮೆ ಬಿತ್ತು. ಸಭೆಯಾದ ಮರುವಾರವೇ ಅವರ ದನ ಪೂರ್ತಿ ಬತ್ತಿತ್ತು. ನಾನು ತಿಳಿದೂ ಸುಮ್ಮನಿದ್ದ ಹದಿನೇಳು ದಿನಗಳಲ್ಲಿ ಅವರು ಶ್ವೇತಾಳ ಹೆಸರಿಗೆ ಹಾಲು ಹಾಕಿದ್ದು ಒಂಬತ್ತು ದಿನ. ಮೊದಲ ದಿನವೇ ತಡೆದಿದ್ದರೆ ಎಂಟು ದಿನ ಉಳಿಯುತ್ತಿತ್ತು. ಏಳು ಸಾಕಿತ್ತು.

ಭಾಸ್ಕರ್ ಸಾರಿಗೆ ಫೋನು ಮಾಡಿ ನನ್ನ ಜೀವಮಾನದ ಅತ್ಯುತ್ತಮ ವಾದ ಹೂಡಿದೆ. ಆ ಒಂಬತ್ತು ದಿನದ ಹಾಲು ಶ್ವೇತಾಳದ್ದಲ್ಲ ಎಂದು ಮಂಡಳಿಯೇ ಒಪ್ಪಿದೆ. ಹಾಗಾದರೆ ಅದು ಗಿರಿಜಕ್ಕನದ್ದೇ ಅಲ್ಲವೇ? ಅವರ ದಿನಗಳಿಗೆ ಸೇರಿಸಬೇಕಲ್ಲವೇ?

ಗಲಾಟೆ ಬೇಡ ಎನ್ನುವ ಮನುಷ್ಯ ಮೊದಲ ಬಾರಿಗೆ ನನಗೆ ತರ್ಕದಲ್ಲೇ ಉತ್ತರ ಕೊಟ್ಟರು. "ಪ್ರತಿಮಾ ಅವರೇ, ಬೇರೆಯವರ ಹೆಸರಿಗೆ ಹಾಲು ಹಾಕುವುದು ನಿಯಮಬಾಹಿರ ಅಂತ ನಡಾವಳಿಯಲ್ಲಿ ಬರೆದವರು ನೀವೇ. ನಿಯಮಬಾಹಿರ ಮಾಡಿದ್ದನ್ನೇ ಅರ್ಹತೆಗೆ ಎಣಿಸಿಕೊಡಿ ಅಂತ ಹೇಗೆ ಕೇಳ್ತೀರಿ?"

ನನ್ನ ಕೈಬರಹ, ನನ್ನದೇ ವಾಕ್ಯ.

ಗಿರಿಜಕ್ಕನ ಸ್ಥಾನ ಖಾಲಿಯಾಯಿತೆಂಬ ಪತ್ರವನ್ನು ಅಂಚೆಗೆ ಹಾಕಬಹುದಿತ್ತು. ನಾನೇ ಹೋದೆ. ಗಿರಿಜಕ್ಕ ಹಟ್ಟಿಯಲ್ಲಿ ದನದ ಮೈ ಉಜ್ಜುತ್ತಿದ್ದರು. ಪತ್ರ ಓದಿ ಹೇಳಿದೆ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಇನ್ ಹಿಂಡಿ ಚೀಲದ್ ಮಾತ್ ಯಾರ್ ಆಡ್ತ್ರ್?" ಎಂದರು. ಅಷ್ಟೇ.

ನನಗೆ ತಡೆಯಲಾಗಲಿಲ್ಲ. ಹದಿನೇಳು ದಿನದ್ದನ್ನು ಹೇಳಿದೆ. ಮೊದಲ ದಿನವೇ ಗೊತ್ತಿತ್ತು, ಬೇಕೆಂದೇ ಸುಮ್ಮನಿದ್ದೆ ಎಂದೆ.

"ಗೊತ್ತಿತ್ತ್. ಅಷ್ಟ್ ದಿನವೂ ನೀ ನನ್ ಮುಖ ಕಂಡ್ ಮಾತಾಡ್ಲಿಲ್ಲೆ. ಎಂತಕ್ಕೆ ಹೆಣೆ? ಅವ್ಳ್ ನಿಂಗ್ ಎಂತ ಮಾಡ್ದ್ಳ್?"

ಏನೂ ಮಾಡಿರಲಿಲ್ಲ. ಅದನ್ನು ಹೇಳುವ ಬದಲು ನಾನು ಕೇಳಬಾರದ್ದನ್ನು ಕೇಳಿಬಿಟ್ಟೆ. "ಗಿರಿಜಕ್ಕ, ನಂಗೆ ದನ ಇದ್ದ್, ನಂಗೇ ಹಾಂಗ್ ಕಷ್ಟ ಬಂದಿದ್ರೆ, ನನ್ ಹೆಸ್ರಿಗೆ ಹಾಕ್ತಿದ್ರ್ಯಾ?"

ಈಗ ಕೈ ನಿಂತಿತು.

"ನೀ ಹಾಕುಕೆ ಬಿಡ್ತಿದ್ಯಾ?"

"ಮೊದಲ ದಿನವೇ ನಿಲ್ಲಿಸುತ್ತಿದ್ದೆ" ಎಂದೆ.

"ಹಾಂಗಾರೆ ಅವ್ಳಿಗೂ ಹಾಂಗೇ ಮಾಡ್ಕಿದ್ದಿತ್ತ್" ಎಂದು ಅವರು ಮತ್ತೆ ದನದ ಕಡೆ ತಿರುಗಿದರು.

ಅಶ್ವಿನಿ, ಪ್ರಶ್ನೆಗೆ ಉತ್ತರ ಬದಲಾಗಿಲ್ಲ. ಕುರ್ಚಿಯಲ್ಲಿ ಕೂತವರ ಅರ್ಹತೆ ಕೂತಿರುವಷ್ಟೂ ದಿನ ಇರಬೇಕು. ಯಾರು ಎದುರು ನಿಂತರೂ ಇವತ್ತೂ ವಾದಿಸುತ್ತೇನೆ. ಆದರೆ ತಪ್ಪು ಕಂಡ ದಿನವೇ ಹೇಳು. ಹಣ್ಣಾಗಲು ಬಿಡಬೇಡ. ಮುಂದಿನ ಚುನಾವಣೆಗೆ ಒಂದು ದನದವಳೊಬ್ಬಳು ನಿಲ್ಲುವ ಹಾಗೆ ನೋಡಿಕೋ. ಶ್ವೇತಾ ದನ ತಂದಿದ್ದಾಳೆ, ದಿನಾ ಬರುತ್ತಾಳೆ. ಅವಳ ಕ್ಯಾನು ಬಂದಾಗ ಯಂತ್ರದ ಅಂಕಿ ನೋಡು, ಮುಖ ನೋಡಬೇಡ. ನನ್ನಿಂದ ಅದಾಗಲಿಲ್ಲ. ಅವಳ ಹಾಲು ಯಂತ್ರಕ್ಕೆ ಇಟ್ಟಾಗಲೆಲ್ಲ, ಅಂಕಿ ಕಡಿಮೆ ಬರಲಿ ಎಂದು ನನ್ನ ಒಳಗೊಂದು ಕಾಯುತ್ತಿತ್ತು. ಹಾಗೆ ಕಾಯುವವಳು ಹಾಲು ಅಳೆಯಬಾರದು.

ಹಾಗಾಗಿ ಪತ್ರ ಬರೆಯಲು ಕೂತೆ. ಕಾರ್ಯದರ್ಶಿಯಾಗಿರಲು ಅರ್ಹತೆ ಕಳೆದುಕೊಂಡಿದ್ದೇನೆ, ರಾಜೀನಾಮೆ ಎಂದು ಬರೆಯಬೇಡಿ, ಜಾಗ ಖಾಲಿಯಾಯಿತು ಎಂದೇ ಬರೆಯಿರಿ ಎನ್ನಬೇಕೆಂದಿದ್ದೆ. ಅದೇ ಸರಿಯಾದ ಮಾತು. ಆದರೆ ಅದನ್ನೂ ಶ್ವೇತಾ ಮೊದಲೇ ಹೇಳಿಬಿಟ್ಟಿದ್ದಳಲ್ಲ. ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಎಂದು ಒಂದೇ ಸಾಲು ಬರೆದು ಬೇಬಿಯಕ್ಕನ ಕೈಗೆ ಕೊಟ್ಟು ಬಂದೆ.